ಇಳಿದು ಬರುವವರು

"ಟಾರ್ಚಿನ ಬ್ಯಾಟರಿ ಇದಕ್ಕೆ ತಿನ್ನಿಸಿದ್ರೆ ಬೆಳಿಗ್ಗೆ ನಾನು ಎಂತ ಹಿಡ್ಕೊಂಡು ತೋಟಕ್ಕೆ ಹೋಗುದು?" ಎಂದು ಔತ ಗೊಣಗಿದ. ಗೊಣಗುತ್ತಲೇ ಟಾರ್ಚಿನ ಮುಚ್ಚಳ ತಿರುಗಿಸಿ ಬ್ಯಾಟರಿಗಳನ್ನು ಒಂದೊಂದಾಗಿ ಮಗಳ ಕೈಗೆ ಹಾಕಿದ. ಆ ಟಾರ್ಚನ್ನು ಅವನು ಹೆಂಡತಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಆದರೆ ವಲ್ಸಾ ಕುವೈತಿನಿಂದ ಮೊನ್ನೆಯಷ್ಟೇ ಬಂದವಳು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವ ನರ್ಸ್ ಮಗಳಿಗೆ ಇಲ್ಲ ಎನ್ನುವ ಎದೆಗಾರಿಕೆ, ಒಂದು ಕಾಲದಲ್ಲಿ ಕಾಡುಹಂದಿಗೆ ಎದುರು ನಿಂತ ಔತನಿಗೂ ಇರಲಿಲ್ಲ.

ಸಂಜೆಯ ಜಪಸರ ಆಗಷ್ಟೇ ಮುಗಿದಿತ್ತು. ಕಡಬದ ಪೇಟೆಯವರೆಗೆ ಬಂದ ಕರೆಂಟು ಈ ಗುಡ್ಡ ಹತ್ತುವ ಮನಸ್ಸು ಇನ್ನೂ ಮಾಡಿರಲಿಲ್ಲವಾದ್ದರಿಂದ ಜಗಲಿಯಲ್ಲಿ ಒಂದು ಚಿಮಣಿ ದೀಪವಷ್ಟೇ ಉರಿಯುತ್ತಿತ್ತು. ಔತನ ಹೆಂಡತಿ ಅಚ್ಚಾಮ್ಮ ಗೋಡೆಗೆ ಒರಗಿ ಕಾಲು ನೀಡಿ ಕುಳಿತಿದ್ದಳು. ಗುಡ್ಡದ ಬುಡದಲ್ಲಿ ಮನೆ ಮಾಡಿಕೊಂಡು ಔತನ ಜೊತೆ ರಬ್ಬರ್ ಮರ ಕೆತ್ತಿ ಹಾಲು ತೆಗೆಯುವ ಶೀನಪ್ಪ ದಿನದಂತೆ ರೇಡಿಯೋ ಕೇಳಲು ಬಂದವನು, ಇವತ್ತು ರೇಡಿಯೋದ ಕಡೆ ತಿರುಗಿಯೂ ನೋಡಿರಲಿಲ್ಲ. ಶೀನಪ್ಪ ಬಂದರೆ ಮನೆಯವರು ಮಲಯಾಳ ಬಿಟ್ಟು ಕನ್ನಡಕ್ಕೆ ಬರುತ್ತಿದ್ದರು. ಅವನು ಎದ್ದುಹೋದ ಮೇಲೂ ಎಷ್ಟೋ ಸಲ ವಾಪಸು ಹೋಗಲು ಮರೆಯುತ್ತಿದ್ದರು.

ವಲ್ಸಾಳ ಮಡಿಲಲ್ಲಿದ್ದ ವಸ್ತು ಹಳದಿ ಪ್ಲಾಸ್ಟಿಕ್ಕಿನದು. ಪ್ರಾರ್ಥನೆಯ ಪುಸ್ತಕಕ್ಕಿಂತ ತುಸು ದಪ್ಪ, ಮುಖದ ಮೇಲೆ ಒಂದು ಕಪ್ಪು ಗಾಜು, ಅದರ ಕೆಳಗೆ ಒಂದು ಕೆಂಪು ಗುಂಡಿ.

"ಆಸ್ಪತ್ರೆಯ ಅಮೆರಿಕದ ಡಾಕ್ಟರಮ್ಮ ಊರಿಗೆ ಹೋಗುವಾಗ ಕೊಟ್ರು," ಎಂದಳು ವಲ್ಸಾ. "ಅವರ ಮಕ್ಕಳದ್ದು. ಇವತ್ತು ಸಕಲ ಸಂತರ ಹಬ್ಬದ ಹಿಂದಿನ ದಿನ ಅಲ್ವಾ? ಅವರಲ್ಲಿ ಈ ಸಂಜೆ ಮಕ್ಕಳು ದೆವ್ವದ ವೇಷ ಹಾಕಿ ಮನೆ ಮನೆಗೆ ಹೋಗ್ತಾರೆ. ಆಮೇಲೆ ದೀಪ ಆರಿಸಿ ಕೂತು ಇಂಥದ್ದು ಆಡ್ತಾರೆ. ಹೆದರಿಕೆಯ ಆಟ."

"ಹೆದರ್ಲಿಕ್ಕೆ ಆಟ ಬೇಕಾ ಮಾರಾಯ್ತಿ?" ಎಂದ ಶೀನಪ್ಪ. "ನಮ್ಮ ತೋಡು ದಾಟುವ ಸಂಕದ ಹತ್ರ ಕತ್ತಲೆಗೆ ಒಬ್ರೇ ನಡೆದ್ರೆ ಸಾಲುದಿಲ್ವಾ?"

ವಲ್ಸಾ ನಕ್ಕು ಚಿಮಣಿಯ ಬತ್ತಿ ಇಳಿಸಿದಳು. ಜಗಲಿ ಕತ್ತಲಾಯಿತು. ಎಲ್ಲಿಯೋ ಟಿಕ್ಕೆಂದು ಒಂದು ಸದ್ದಾಯಿತು.

ಕಪ್ಪು ಗಾಜಿನೊಳಗೆ ಬೆಳಕು ಹುಟ್ಟಿತು. ಅಚ್ಚಾಮ್ಮನ ಕೈ ತಾನಾಗಿ ಎದೆಗೆ ಹೋಯಿತು. ಆಕೆ ಅದುವರೆಗೆ ಕಂಡ ಬೆಳಕಿಗೆಲ್ಲ ಒಂದು ಮೂಲವಿತ್ತು: ಬತ್ತಿ, ಕೊಳ್ಳಿ, ಸೂರ್ಯ, ಇಲ್ಲವೆ ಪೇಟೆಯ ಬಲ್ಬು. ಈ ಬೆಳಕಿಗೆ ಬಿಸಿಯಿರಲಿಲ್ಲ, ಹೊಗೆಯಿರಲಿಲ್ಲ, ಅದು ಎಲ್ಲಿಂದಲೂ ಬರುತ್ತಿರಲಿಲ್ಲ, ಸುಮ್ಮನೆ ಇತ್ತು. ಮಿಂಚುಹುಳದ ಹಸಿರಿನಂಥ ಹಸಿರಿನಲ್ಲಿ ಪುಟ್ಟ ಪುಟ್ಟ ಜೀವಗಳು ಸಾಲುಗಟ್ಟಿ ನಿಂತಿದ್ದವು. ಅವಕ್ಕೆ ಕೈಯಿದ್ದವೋ ಕೊಂಬಿದ್ದವೋ ಗೊತ್ತಾಗಲಿಲ್ಲ. ಎಲ್ಲವೂ ಒಟ್ಟಿಗೆ ಎಡಕ್ಕೆ ಸರಿದವು, ಬಲಕ್ಕೆ ಸರಿದವು, ಆಮೇಲೆ ಒಂದು ಮೆಟ್ಟಿಲು ಇಳಿದವು. ಮೇಲ್ಗಡೆ ಕೆಂಪು ತಟ್ಟೆಯಂಥದ್ದೊಂದು ಕೂಗುತ್ತ ಹಾದುಹೋಯಿತು.

ನಾಲ್ಕು ತಲೆಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದಿದ್ದವು. ಅಷ್ಟು ಸಣ್ಣ ಗಾಜಿನೊಳಗೆ ಅಷ್ಟು ದೊಡ್ಡ ಇರುಳನ್ನು ಯಾರು ಹೇಗೆ ತುಂಬಿಸಿದರು ಎಂದು ಅಚ್ಚಾಮ್ಮನಿಗೆ ಆಶ್ಚರ್ಯ. ಆಶ್ಚರ್ಯಕ್ಕಿಂತಲೂ ಹೆಚ್ಚಾಗಿ, ಎತ್ತರದ ಹಲಗೆಯ ಮೇಲಿಟ್ಟದ್ದನ್ನು ಕದ್ದು ನೋಡುವ ಮಗುವಿನ ಹಾಗೆ ಒಂದು ಅಂಜಿಕೆ.

"ಇವು ಮೇಲಿನಿಂದ ಇಳಿದು ಬರ್ತವೆ," ಎಂದು ವಲ್ಸಾ ಪಿಸುಗುಟ್ಟಿದಳು. "ಕೆಳಗೆ ಇರುದು ನಾವು. ನೆಲ ಮುಟ್ಟುವ ಮೊದ್ಲು ಹೊಡೀಬೇಕು."

"ಮೂರು ದಿನ ಕಳೆದ್ರೆ ನಾವು ದೀಪಾವಳಿಗೆ ನಮ್ಮ ಕುಲೆಗಳಿಗೆ ಎಲೆ ಹಾಕಿ ಬಡಿಸುದು," ಎಂದ ಶೀನಪ್ಪ, ಕಣ್ಣು ಗಾಜಿನಿಂದ ಕೀಳದೆ. "ಸತ್ತವರು ಬರ್ತಾರೆ, ಉಂಡು ಹೋಗ್ತಾರೆ. ನೀವು ಬಂದವರಿಗೆ ಗುಂಡು ಹೊಡೀತೀರಲ್ಲ."

ನಕ್ಕರು. ಅಚ್ಚಾಮ್ಮ ನಗಲಿಲ್ಲ. ಸತ್ತವರು ಎಂಬ ಮಾತು ಕೇಳಿದೊಡನೆ ಆಕೆಯ ಮನಸ್ಸು ಮತ್ತೆ ಹಳೆಯ ಜಾಗಕ್ಕೆ ಓಡಿತು. ಈ ವಾರವಿಡೀ ಅದು ಅಲ್ಲಿಯೇ ಸುತ್ತುತ್ತಿತ್ತು.

ನಾಡಿದ್ದು ಸತ್ತವರ ನೆನಪಿನ ದಿನ. ಇಗರ್ಜಿಯ ಹಿಂದಿನ ಸ್ಮಶಾನದಲ್ಲಿ ಒಂದೊಂದು ಸಮಾಧಿಯ ಮೇಲೂ ಮೇಣದಬತ್ತಿ ಉರಿಯುತ್ತದೆ. ಪಾದ್ರಿ ಒಂದೊಂದರ ಮುಂದೆಯೂ ನಿಂತು, ಸತ್ತವರಿಗಾಗಿ ಓದುವ ಒಪ್ಪೀಸು ಓದುತ್ತಾರೆ. ಅಚ್ಚಾಮ್ಮನ ಮೇಣದಬತ್ತಿ ಮಾತ್ರ ಪ್ರತಿವರ್ಷ ಸ್ಮಶಾನದ ಗೋಡೆಯ ಮೇಲೆ. ಆಕೆಯ ಮೊದಲ ಮಗಳು ಮೋಳಿ ಸತ್ತಾಗ ಇಲ್ಲಿ ಇಗರ್ಜಿಯಿರಲಿಲ್ಲ, ಸ್ಮಶಾನವಿರಲಿಲ್ಲ, ದಾರಿಯೇ ಇರಲಿಲ್ಲ. ಕೇರಳದ ಪಾಲಾ ಕಡೆಯಿಂದ ಬಂದು ಕಾಡು ಕಡಿದ ಮೊದಲ ವರ್ಷ ಚಳಿಜ್ವರ ಗುಡಿಸಲು ಗುಡಿಸಲಿಗೆ ನುಗ್ಗಿತು. ತೊದಲು ಮಾತು ಕಲಿಯುತ್ತಿದ್ದ ಮೋಳಿ ಹೋದ ದಿನ ಅಚ್ಚಾಮ್ಮನಿಗೆ ಮೈಮೇಲೆ ಎಚ್ಚರವಿರಲಿಲ್ಲ. ಕಣ್ಣು ಬಿಟ್ಟಾಗ ಮಗುವೂ ಇರಲಿಲ್ಲ, ಅದನ್ನು ಸುತ್ತುತ್ತಿದ್ದ ಪಂಚೆಯೂ ಇರಲಿಲ್ಲ. ಎಲ್ಲಿ ಎಂದು ಕೇಳಿದಳು. ಔತ ಕಾಡಿನ ಕಡೆ ಕೈ ತೋರಿಸಿದ. ಅಷ್ಟೇ.

ಮುಂದಿನ ಬೇಸಿಗೆಗೆ ಆ ಕಾಡಿಗೆ ಬೆಂಕಿ ಬಿತ್ತು. ಗುಡ್ಡಕ್ಕೆ ಮೆಟ್ಟಿಲು ಕಡಿದು ರಬ್ಬರ್ ಸಸಿ ನೆಟ್ಟರು. ಅಚ್ಚಾಮ್ಮ ಇನ್ನೆರಡು ಸಲ ಕೇಳಿದಳು. ಔತ ಎದ್ದು ಹೊರಗೆ ಹೋದ. ಆಮೇಲೆ ಆಕೆ ಕೇಳುವುದು ಬಿಟ್ಟಳು. ಸಿಟ್ಟಿನಿಂದಲ್ಲ, ಹೆದರಿಕೆಯಿಂದ. ಬೆಂಕಿ, ಹಾರೆ, ಸಸಿ ಇಷ್ಟೆಲ್ಲ ಆದ ಮೇಲೆ ಅವನಿಗೂ ಜಾಗ ತಪ್ಪಿಹೋಗಿರಬೇಕು, ಅದಕ್ಕೇ ಬಾಯಿ ಮುಚ್ಚಿದ್ದಾನೆ ಎಂದು ಆಕೆಗೆ ಅನಿಸಿತ್ತು. ಕೇಳಿದರೆ "ಗೊತ್ತಿಲ್ಲ" ಎಂದುಬಿಡಬಹುದು. ಆ ಒಂದು ಮಾತು ಕೇಳಿಸಿಕೊಂಡು ಬದುಕುವುದಕ್ಕಿಂತ ಕೇಳದೆ ಬದುಕುವುದೇ ವಾಸಿ ಎಂದುಕೊಂಡು ಮೂವತ್ತು ವರ್ಷ ನೂಕಿದ್ದಳು.

ಈಗ ಹಾಗೆ ನೂಕುವಂತಿರಲಿಲ್ಲ. ರಬ್ಬರಿಗೆ ವಯಸ್ಸಾಗಿತ್ತು. ಬೆಳ್ಳಾರೆಯ ಮರದ ವ್ಯಾಪಾರಿ ಹೈದರ್ ಮಾತು ಮುಗಿಸಿ, ಮರಗಳಿಗೆ ಸುಣ್ಣದ ಗುರುತು ಹಾಕಿಸಿ ಹೋಗಿದ್ದ. ಸತ್ತವರ ದಿನ ಕಳೆದ ಮರುದಿನ ಅವನ ಜನ ಬರುತ್ತಾರೆ. ಮರ ಉರುಳುತ್ತದೆ, ಬುಡ ಕೀಳುತ್ತಾರೆ, ಹೊಸ ಸಸಿಗೆ ಹೊಸ ಹೊಂಡ ತೋಡುತ್ತಾರೆ. ಹೊಸದಾಗಿ ಬಂದ ಪಾದ್ರಿ ಬೇರೆ, "ಜಾಗ ತೋರಿಸಿ ಅಮ್ಮಾ, ನಾನು ತೋಟಕ್ಕೇ ಬಂದು ಒಪ್ಪೀಸು ಓದ್ತೇನೆ" ಎಂದು ಭಾನುವಾರ ಹೇಳಿದ್ದರು. ಅಂದಿನಿಂದ ಗಂಡನ ಮುಖ ನೋಡುವುದು, ಬಾಯಿ ತೆರೆಯುವುದು, ಮುಚ್ಚುವುದು. ಇದೇ ಆಗಿತ್ತು ಆಕೆಯ ಕೆಲಸ.

ಶೀನಪ್ಪನ ಸರದಿ ಬಂದದ್ದೂ ತಿಳಿಯಲಿಲ್ಲ, ಮುಗಿದದ್ದೂ ತಿಳಿಯಲಿಲ್ಲ. ಅವನು ಗುಂಡಿ ಯಾವುದು ಎಂದು ಹುಡುಕುವುದರೊಳಗೆ ಹಸಿರು ಸೈನ್ಯ ನೆಲ ಮುಟ್ಟಿ, ಡಬ್ಬಿ ಅಳುವಂಥ ಒಂದು ರಾಗ ಎಳೆಯಿತು. ಔತ ಉಟ್ಟ ಮುಂಡಿಗೆ ಕೈ ಒರಸಿಕೊಂಡು ಅದನ್ನು ತೆಗೆದುಕೊಂಡ.

ಮೊದಲ ಸಲ ಅವನೂ ಸೋತ. ಎರಡನೆಯ ಸಲ ಅವನ ಬೆನ್ನು ನೆಟ್ಟಗಾಯಿತು. ಅಟ್ಟಣಿಗೆಯ ಮೇಲೆ ಕೋವಿ ಹಿಡಿದು ಕೂತು ಹಂದಿ ಕಾಯ್ದಿದ್ದ ಮೈ ಅದು. ಯಾವುದು ಎಲ್ಲಿಗೆ ಸರಿಯುತ್ತದೆ ಎಂದು ಮೊದಲೇ ನೋಡಿ ಅಲ್ಲಿಗೆ ಗುಂಡು ಬಿಡಲು ಶುರುಮಾಡಿದ. ಒಂದು ಬೀಳುತ್ತಿತ್ತು, ಬಿದ್ದಲ್ಲಿ ಒಂದು ಕ್ಷಣ ಹೂವಿನ ಹಾಗೆ ಅರಳಿ ಆರುತ್ತಿತ್ತು. ಇನ್ನೊಂದು ಬೀಳುತ್ತಿತ್ತು. ಇಡೀ ಸೈನ್ಯ ಅಳಿದು ಗಾಜು ಪೂರ್ತಿ ಕಪ್ಪಾದಾಗ ಶೀನಪ್ಪ ಉಸಿರು ಬಿಟ್ಟ. ಅಷ್ಟರಲ್ಲಿ ಮೇಲಿನಿಂದ ಇನ್ನೊಂದು ಸೈನ್ಯ ಇಳಿಯಿತು.

"ಇದರಲ್ಲಿ ಗೆಲ್ಲುದು ಹೇಗೆ?" ಎಂದ ಔತ.

"ಗೆಲ್ಲುದು ಅಂತ ಇಲ್ಲ ಅಪ್ಪಚ್ಚಾ. ಎಷ್ಟು ಹೊಡೆದ್ರೂ ಮತ್ತೆ ಬರ್ತವೆ, ಇನ್ನಷ್ಟು ಬೇಗ. ಎಷ್ಟು ಹೊತ್ತು ತಡೀತೀರಿ ಅಷ್ಟೇ."

"ಸರಿ," ಎಂದ ಔತ. ಕಾಡಿಗೆ ಬಂದು ತೋಟ ಮಾಡಿದವನಿಗೆ ಆ ನಿಯಮದಲ್ಲಿ ವಿಶೇಷವೇನೂ ಕಾಣಲಿಲ್ಲ.

ಹಸಿರು ಬೆಳಕು ಅವನ ಬಿಳಿಗಡ್ಡದ ಮೇಲೆ, ಕಣ್ಣಿನ ಕೆಳಗಿನ ಸುಕ್ಕಿನ ಮೇಲೆ ಆಡುತ್ತಿತ್ತು. ಅಚ್ಚಾಮ್ಮ ಗಾಜನ್ನು ನೋಡಿದಳು, ಗಂಡನನ್ನು ನೋಡಿದಳು. ಎಷ್ಟು ಚೆಂದವಿದ್ದವು ಅವು. ಬರುತ್ತವೆ, ಬೆಳಗುತ್ತವೆ, ಹೋಗುತ್ತವೆ. ಒಂದು ಬಿದ್ದಾಗಲೆಲ್ಲ ಆಕೆಯ ತುಟಿ ಅಲುಗುತ್ತಿತ್ತು. ಅದು ಜ್ವರದ ವರ್ಷದಿಂದ ಬಂದ ಅಭ್ಯಾಸ. ಆಗ ದಿನಕ್ಕೊಂದು ಗುಡಿಸಲಿನಿಂದ ಸುದ್ದಿ ಬರುತ್ತಿತ್ತು. ಹೋಗಿ ಅಳಲು ಯಾರಿಗೂ ತ್ರಾಣವಿರಲಿಲ್ಲ. ಮಲಗಿದಲ್ಲೇ ಸತ್ತವರಿಗಾಗಿ ಪ್ರಾರ್ಥನೆಯ ಎರಡು ಮಾತು ಹೇಳಿಬಿಡುತ್ತಿದ್ದರು. ಈಗ ಹಬ್ಬಕ್ಕೆ ಕೋಳಿ ಕೊಯ್ದರೂ ಆಕೆ ಅದನ್ನೇ ಹೇಳುತ್ತಾಳೆ ಎಂದು ಮನೆಯವರು ತಮಾಷೆ ಮಾಡುವುದಿತ್ತು.

"ಎಂತ ನೀನು ಆವಾಗಿನಿಂದ ಗುಣುಗುಣು ಅಂತ?" ಎಂದ ಔತ, ಕಣ್ಣೆತ್ತದೆ.

"ನಿತ್ಯ ವಿಶ್ರಾಂತಿ ಹೇಳುದು. ಸಾಯ್ತವಲ್ಲ, ಅದಕ್ಕೆ."

ಶೀನಪ್ಪ ಕಿಸಕ್ಕೆಂದ. ಔತನಿಗೂ ನಗು ಬಂತು. "ಅದು ಬ್ಯಾಟರಿಯ ಬೆಳಕು. ಅದಕ್ಕೆ ಆತ್ಮ ಉಂಟಾ?"

"ಇರ್ಲಿಕ್ಕಿಲ್ಲ," ಎಂದಳು ಅಚ್ಚಾಮ್ಮ. ಮುಂದಿನ ಮಾತನ್ನು ಆಕೆ ಯೋಚಿಸಿ ಆಡಲಿಲ್ಲ. ಗಾಜು ನೋಡುತ್ತ ನೋಡುತ್ತ ಅದು ತಾನೇ ಹೊರಗೆ ಬಂತು. "ಆದ್ರೆ ಇವು ಬಿದ್ದ ಜಾಗ ನನಗೆ ಕಾಣ್ತದೆ. ಅಷ್ಟಾದ್ರೂ ಉಂಟಲ್ಲ."

ಔತನ ಹೆಬ್ಬೆರಳು ಗುಂಡಿಯ ಮೇಲೆ ನಿಂತಿತು.

ಅವು ಎಡಕ್ಕೆ ಸರಿದವು, ಬಲಕ್ಕೆ ಸರಿದವು, ಒಂದು ಮೆಟ್ಟಿಲು ಇಳಿದವು. ಔತ ಅವನ್ನು ನೋಡುತ್ತಲೇ ಇದ್ದ. "ಹೊಡೀರಿ ಔತಣ್ಣ, ಬಂತು, ಬಂತು" ಎಂದು ಶೀನಪ್ಪ ಅವನ ತೋಳು ಹಿಡಿದ. ಔತ ಹೊಡೆಯಲಿಲ್ಲ. ಕೊನೆಯ ಮೆಟ್ಟಿಲಿಗೆ ಬಂದಾಗ ಅವು ತುಂಬ ಬೇಗ ಓಡುತ್ತಿದ್ದವು. ನೆಲ ಮುಟ್ಟಿದವು. ಡಬ್ಬಿ ತನ್ನ ರಾಗ ಎಳೆದು ಸುಮ್ಮನಾಯಿತು.

ವಲ್ಸಾ ಅಮ್ಮನ ಮುಖ ನೋಡಿದಳು. ಮೋಳಿ ಎಂಬುದು ಅವಳಿಗೆ ಜಪಸರದ ಕೊನೆಗೆ ಬರುವ ಒಂದು ಹೆಸರಾಗಿತ್ತು, ಅಷ್ಟೇ. ಆದರೂ ಅವಳು ನರ್ಸು. ಎಲ್ಲಿ ಮಾತಾಡಬಾರದು ಎಂಬುದು ಅವಳಿಗೆ ತಿಳಿದಿತ್ತು. ಡಬ್ಬಿಯನ್ನು ಮೆಲ್ಲಗೆ ಅಪ್ಪನ ಕೈಯಿಂದ ತೆಗೆದು ಆರಿಸಿದಳು. ಶೀನಪ್ಪ ತೆಂಗಿನ ಗರಿಯ ಸೂಟೆ ಹಚ್ಚಿಕೊಂಡು, ಅಂಗಳ ದಾಟುವಾಗ ಒಮ್ಮೆ ಆಕಾಶವನ್ನು ಸಂಶಯದಿಂದ ನೋಡಿ, ಬೇಗ ಬೇಗ ಗುಡ್ಡ ಇಳಿದ.

ಮರುದಿನ ಔತ ಕತ್ತಲೆಗೆ ಎದ್ದು ಹೋಗಲಿಲ್ಲ. ಬೆಳಕು ಹರಿದ ಮೇಲೆ ಕೆತ್ತುವ ಕತ್ತಿ ಸೊಂಟಕ್ಕೆ ಸಿಕ್ಕಿಸಿ ಅಡುಗೆಮನೆಯ ಬಾಗಿಲಿಗೆ ಬಂದು, "ಬಾ," ಎಂದ. ಅಚ್ಚಾಮ್ಮ ಒಲೆಯ ಮೇಲಿನ ಕಾಫಿಯನ್ನು ಹಾಗೆಯೇ ಬಿಟ್ಟು ಹಿಂದೆ ನಡೆದಳು. ದಾರಿಯುದ್ದಕ್ಕೂ ಆಕೆಯ ಕಿವಿ ಆ ಒಂದು ಮಾತಿಗೆ, "ಗೊತ್ತಿಲ್ಲ" ಎಂಬುದಕ್ಕೆ ಕಾಯುತ್ತಿತ್ತು. ಎರಡೂ ಬದಿಗೆ ಸುಣ್ಣದ ಗುರುತಿನ ಮರಗಳು. ಕತ್ತಿ ತಾಗಿ ತಾಗಿ ಎದೆಮಟ್ಟದವರೆಗೆ ಗಂಟುಗಟ್ಟಿದ ತೊಗಟೆ.

ಮೇಲಿನ ಮೆಟ್ಟಿಲಿನಲ್ಲಿ ಔತ ಒಂದು ಮರದ ಮುಂದೆ ನಿಂತ. ತಲೆಯ ಮುಂಡಾಸು ಬಿಚ್ಚಿದ.

"ಇದು ಹಾಲಿಲ್ಲದ ಮರ ಅಲ್ವಾ?" ಎಂದಳು ಅಚ್ಚಾಮ್ಮ.

ಹಾಗೆಂದು ಹೇಳಿದವನು ಅವನೇ. ಕೆತ್ತಲು ಶುರುಮಾಡಿದ ವರ್ಷವೇ, ಇದಕ್ಕೆ ಹಾಲಿಲ್ಲ, ಕತ್ತಿ ಹಚ್ಚುವುದು ದಂಡ ಎಂದು ಆಕೆಗೂ ಶೀನಪ್ಪನಿಗೂ ಹೇಳಿದ್ದ. ಹಾಲಿನ ಬಕೆಟ್ಟು ಹೊತ್ತು ಮರದಿಂದ ಮರಕ್ಕೆ ಹೋಗುವ ಅಚ್ಚಾಮ್ಮನಿಗೆ ಇಲ್ಲಿ ಹಾಲು ತುಂಬಿದ ಚಿಪ್ಪು ಬಗ್ಗಿಸುವ ಕೆಲಸವಿರಲಿಲ್ಲ. ಅದಕ್ಕೇ ಬಕೆಟ್ಟು ಇಳಿಸಿ, ಸೊಂಟ ಸಡಿಲಿಸಿ, ಎಷ್ಟೋ ಬೆಳಿಗ್ಗೆ ಇದೇ ಬುಡದಲ್ಲಿ ಕುಳಿತು ಎಲೆ ಅಡಿಕೆ ಹಾಕಿದ್ದಳು.

ಈ ಮರಕ್ಕೆ ಸುಣ್ಣದ ಗುರುತಿರಲಿಲ್ಲ. ಆಕೆ ತೊಗಟೆಯ ಮೇಲೆ ಕೈಯಿಟ್ಟಳು. ಬುಡದಿಂದ ಮೇಲಿನವರೆಗೆ ನುಣ್ಣಗಿತ್ತು, ಒಂದು ಗೀರೂ ಇರಲಿಲ್ಲ.

"ಆಗ ನೀನು ಜ್ವರದಲ್ಲಿ ಎದ್ದು ಎದ್ದು ಓಡ್ತಿದ್ದೆ," ಎಂದ ಔತ. "ಜಾಗ ಹೇಳಿದ್ರೆ ಮಗುವನ್ನ ಅಗೆದು ತೆಗೀತೀಯ ಅಂತ ಹೆದರಿದೆ. ಆಮೇಲೆ ಬಾಯಿ ಬರ್ಲಿಲ್ಲ." ಮುಂಡಾಸನ್ನು ಹೆಗಲಿಗೆ ಹಾಕಿಕೊಂಡು, "ಫಾದರ್ ಹತ್ರ ಇಲ್ಲಿಗೆ ಬರ್ಲಿಕ್ಕೆ ಹೇಳು," ಎಂದ.

ಅಚ್ಚಾಮ್ಮ ಕೈ ತೆಗೆಯಲಿಲ್ಲ. ಔತ ಸೊಂಟದ ಕತ್ತಿಯನ್ನು ಎಳೆದು, ಅದರ ತುದಿಯನ್ನು ಆಕೆಯ ಕೈಯ ಪಕ್ಕದಲ್ಲಿ ಇಟ್ಟು, ಇಷ್ಟೇ ಇಷ್ಟು ಒತ್ತಿದ. ಒತ್ತಿದಲ್ಲಿ ಬಿಳಿಯ ಚುಕ್ಕೆಯೊಂದು ಮೂಡಿತು. ಅದು ದಪ್ಪಗಾಗುತ್ತ ಬಂತು, ಅಂಚಿನಲ್ಲಿ ಒಂದು ಗಳಿಗೆ ನಿಂತಿತು, ಆಮೇಲೆ ನುಣುಪು ತೊಗಟೆಯ ಮೇಲೆ ನೆಲದ ಕಡೆಗೆ ಹರಿಯತೊಡಗಿತು.

ಅಚ್ಚಾಮ್ಮ ಬುಡದಲ್ಲಿ ಕುಳಿತು ಅದಕ್ಕೆ ಅಂಗೈ ಒಡ್ಡಿದಳು.