ಇದ್ದಿಲು ಬೆರೆಸಿದ ಮಜ್ಜಿಗೆ

ಠಾಣೆ ಊರಿನ ವರ್ತಕ ನಗರದ ನಮ್ಮ ಬಿಲ್ಡಿಂಗಿನಲ್ಲಿ ರತ್ನಾವತಿಯದು ನಮ್ಮ ಎದುರು ಬಾಗಿಲು. ಅವಳ ಮಗನ ಮಗಳು ಅನುಷ್ಕಾಗೆ ಚಿಕ್ಕಂದಿನಿಂದ ಫಿಟ್ಸ್. ಹೊತ್ತು ಹೊತ್ತಿಗೆ ಮಾತ್ರೆ ನುಂಗಿಕೊಂಡು ಹುಡುಗಿ ವರ್ಷಗಟ್ಟಲೆ ಚೆನ್ನಾಗಿದ್ದಳು. ಸೀವುಡ್ಸಿನ ಕಾಲೇಜಿಗೆ ಒಬ್ಬಳೇ ಲೋಕಲ್ ರೈಲಿನಲ್ಲಿ ಹೋಗಿಬರುತ್ತಿದ್ದಳು. ಹೋದ ತಿಂಗಳು ಅಡುಗೆಮನೆಯಲ್ಲಿ ಮತ್ತೆ ಬಿದ್ದಳು. ಮಾತ್ರೆ ತಪ್ಪಿಸುತ್ತಿದ್ದಾಳೆಂದು ತಂದೆ ಪ್ರೇಮನಾಥನಿಗೆ ಖಾತ್ರಿ. ಅವಳು ಇಲ್ಲವೆಂದು ಅತ್ತರೂ ನಂಬಲಿಲ್ಲ. ಇನ್ನೊಮ್ಮೆ ಬಿದ್ದರೆ ಕಾಲೇಜು ಬಂದ್ ಎಂದುಬಿಟ್ಟಿದ್ದ.

ಆ ಬೆಳಿಗ್ಗೆ ಅನುಷ್ಕಾ ಗಂಜಿ ಊಟ ಮಾಡಿ ಹೊರಟುಹೋದ ಮೇಲೆ ರತ್ನಾವತಿ ನನ್ನನ್ನು ಕರೆದಳು. ನನಗೆ ಎರಡು ದಿನದಿಂದ ಹೊಟ್ಟೆಯುಬ್ಬರ ಎಂದು ಹೇಳಿದ್ದನ್ನು ಅವಳು ನೆನಪಿಟ್ಟುಕೊಂಡಿದ್ದಳು. ಲೋಟದ ಮಜ್ಜಿಗೆ ಬೂದಿಯ ಬಣ್ಣಕ್ಕಿತ್ತು.

"ಕುಡಿಯಿರಿ ನಾಗವೇಣಿಯಕ್ಕ. ತೆಂಗಿನ ಗೆರಟೆಯ ಇದ್ದಿಲು. ನಮ್ಮ ಅಜ್ಜಿ ಹಲ್ಲುಜ್ಜುತ್ತಿದ್ದದ್ದೇ, ಈಗ ಪ್ಯಾಕೆಟಿನಲ್ಲಿ ಬರ್ತದೆ, ಅಷ್ಟೆ."

ಭಜನೆಯಲ್ಲಿ ಯಾರೋ ಹೇಳಿದ್ದಂತೆ. ಅನುಷ್ಕಾಗೂ ಹೊಟ್ಟೆಯುಬ್ಬರ, ಮುಖದಲ್ಲಿ ಮೊಡವೆ ಬೇರೆ, ಹಾಗಾಗಿ ಇಬ್ಬರೂ ಎರಡು ಹೊತ್ತು ಕುಡಿಯುತ್ತಾರಂತೆ. ನಾನು ಬಿ.ಪಿ. ಮಾತ್ರೆಯವಳು, ಕನ್ನಡಕ ಹಾಕಿಕೊಂಡು ಪ್ಯಾಕೆಟ್ ತಿರುಗಿಸಿದೆ. ಹಿಂಬದಿಯ ಸಣ್ಣ ಅಕ್ಷರದಲ್ಲಿತ್ತು: ಇದು ಔಷಧಿಗಳನ್ನು ಹೀರಿಕೊಳ್ಳುತ್ತದೆ, ಯಾವ ಮಾತ್ರೆಯ ಜೊತೆಗೂ ತೆಗೆದುಕೊಳ್ಳಬಾರದು.

ಲೋಟ ಕೆಳಗಿಟ್ಟೆ. ಅವರ ಮನೆಯಲ್ಲಿ ಮಜ್ಜಿಗೆಯಿಲ್ಲದೆ ಊಟ ಮುಗಿಯುವುದಿಲ್ಲ. ಕಡೆಯ ಗುಟುಕಿನ ಜೊತೆಗೇ ಮಾತ್ರೆ ನುಂಗಿಸಿ ಅನುಷ್ಕಾಗೆ ಅಭ್ಯಾಸ ಮಾಡಿದ್ದು ರತ್ನಾವತಿಯೇ.

"ಈಗಲೂ ಅವಳು ಮಾತ್ರೆ ನುಂಗುವುದು ಇದರಲ್ಲೇನಾ?"

"ಮತ್ತೆಂತದರಲ್ಲಿ?" ಎಂದವಳು ನನ್ನ ಮುಖ ನೋಡಿ ಪ್ಯಾಕೆಟ್ ಕಸಿದುಕೊಂಡಳು. ಒಂದೊಂದೇ ಪದದ ಕೆಳಗೆ ಬೆರಳಿಟ್ಟು ಓದಿದಳು. ಅಡುಗೆಮನೆಯಲ್ಲಿ ಹುಡುಗಿ ಬಿದ್ದದ್ದು ಈ ಪುಡಿ ಮನೆಗೆ ಬಂದ ಮೇಲೆಯೇ.

ಅನುಷ್ಕಾ ರೈಲಿನ ಲೇಡೀಸ್ ಡಬ್ಬಿಯಲ್ಲಿ ಯಾವಾಗಲೂ ಬಾಗಿಲ ಹತ್ತಿರ ಗಾಳಿಗೆ ನಿಲ್ಲುವವಳು. ಫೋನ್ ಮಾಡಿದೆವು, ರಿಂಗಾಗುತ್ತಿತ್ತು, ಎತ್ತಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಓಡಿದೆವು. ರಿಕ್ಷಾದವನು ಬೇರೆ ಸವಾರಿಗೆ ಕಾದಿದ್ದವನು, ರತ್ನಾವತಿಯ ಮುಖ ಕಂಡು, ಏನೂ ಕೇಳದೆ ಗಾಡಿ ತಿರುಗಿಸಿದ. ದಾರಿಯಲ್ಲಿ ಅವಳು ನನ್ನ ಕೈ ಹಿಡಿದುಕೊಂಡಳು.

"ಪ್ರೇಮನಾಥನಿಗೆ ಹೇಳಬೇಡಿ ಅಕ್ಕ. ಮತ್ತೆ ಮನೆಯಲ್ಲಿ ನನ್ನ ಕೈಯ ನೀರು ಯಾರೂ ಕುಡಿಯುವುದಿಲ್ಲ."

ನಾನು ರಿಕ್ಷಾದವನಿಗೆ ಇನ್ನೂ ಬೇಗ ಹೋಗಲು ಹೇಳಿದೆ.

ಠಾಣೆ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ತಲುಪುವಾಗ ಅನುಷ್ಕಾಳ ಗಾಡಿ ಹೋಗಿಯಾಗಿತ್ತು. ಬೆಂಚಿನಲ್ಲಿದ್ದ ಮೀನಿನ ಬುಟ್ಟಿಯ ಹೆಂಗಸು ಬುಟ್ಟಿ ಇಳಿಸಿ ನಮಗೆ ಜಾಗ ಮಾಡಿದಳು. ರತ್ನಾವತಿ ಕೂರಲಿಲ್ಲ. ಮತ್ತೆ ಮತ್ತೆ ಅದೇ ನಂಬರು ಒತ್ತುತ್ತಿದ್ದಳು. ಕೊನೆಗೆ ಆ ಕಡೆಯಿಂದ, "ಹಲೋ, ಕೌನ್?" ಎಂದು ಗುರುತಿಲ್ಲದ ಹೆಂಗಸಿನ ದನಿ ಬಂತು.

ರತ್ನಾವತಿಯ ಬಾಯಿಗೆ ಹಿಂದಿ ಬರಲಿಲ್ಲ. "ನನ್ನ ಮಗು ಎಲ್ಲಿ?" ಎಂದಳು.

"ಕನ್ನಡದೋರೇನ್ರಿ? ಅಂಜಬ್ಯಾಡ್ರಿ ಯವ್ವಾ. ಬಾಗಲದಾಗ ನಿಂತಿದ್ಲು, ಕೈ ನಡಗಾದು ಕಂಡು ಒಳಗ ಜಗ್ಗಿದೆ. ಆಮ್ಯಾಲ ಫಿಟ್ಸ್ ಬಂತು. ಈಗ ನಿಂತದ, ಉಸುರಾಡ್ತಾಳ. ರಬಾಳೆ ಸ್ಟೇಷನ್ದಾಗ ಇಳಿಸೀವಿ, ಬರ್ರಿ."

ನಾವು ಹೋದಾಗ ಅನುಷ್ಕಾ ಒಂದು ಮಗ್ಗುಲಾಗಿ ಮಲಗಿದ್ದಳು. ತಲೆ ಆ ಹೆಂಗಸಿನ ತೊಡೆಯ ಮೇಲಿತ್ತು. ಅವಳ ಹೆಸರು ಮಾನಮ್ಮ, ರಾಯಚೂರಿನ ಕಡೆಯವಳು. ಸಾನಪಾಡಾದಲ್ಲಿ ಕಟ್ಟಡದ ಕೆಲಸಕ್ಕೆ ಹೊರಟವಳು ಅಲ್ಲೇ ಕೂತುಬಿಟ್ಟಿದ್ದಳು. ಆಫೀಸಿಗೆ ಹೋಗುವ ಇಬ್ಬರು ಹುಡುಗಿಯರು ಜನ ನೋಡದಂತೆ ದುಪಟ್ಟಾ ಅಡ್ಡ ಹಿಡಿದು ನಿಂತಿದ್ದರು. ಬಾಯಿಗೆ ನೀರು ಹಾಕಲು ಬಂದವನೊಬ್ಬನನ್ನು ಮಾನಮ್ಮ ಬೈದು ಓಡಿಸಿದಳಂತೆ.

ಅಲ್ಲಿಂದ ಹುಡುಗಿಯನ್ನು ಆಸ್ಪತ್ರೆಗೆ ಸಾಗಿಸಿದೆವು. ಪ್ರೇಮನಾಥ ಆಫೀಸಿನಿಂದ ನೇರ ಅಲ್ಲಿಗೆ ಬಂದ. ಮಾತ್ರೆ ತಪ್ಪಿತ್ತೇ ಎಂದು ಡಾಕ್ಟರು ಕೇಳಿದರು. ನುಂಗುವುದೇ ಇಲ್ಲ, ಇನ್ನು ಕಾಲೇಜೂ ಇಲ್ಲ ಎಂದು ಅವನು ಉತ್ತರಿಸಿದ. ಅರೆನಿದ್ದೆಯಲ್ಲಿದ್ದ ಹುಡುಗಿ, "ಪಪ್ಪಾ, ಮೈನೇ ಲೀ ಥೀ," ನಾನು ನುಂಗಿದ್ದೆ ಎಂದು ಹಿಂದಿಯಲ್ಲಿ ಎರಡು ಸಲ ಹೇಳಿದಳು. ಅವನು ಗೋಡೆ ನೋಡುತ್ತಿದ್ದ. ಡಾಕ್ಟರು ಡೋಸು ಹೆಚ್ಚಿಸಲು ಪೆನ್ನು ಎತ್ತಿಕೊಂಡರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ರತ್ನಾವತಿ ಎದ್ದಳು. ಸೆರಗಿನೊಳಗಿಂದ ಪ್ಯಾಕೆಟ್ ತೆಗೆದು ಮೇಜಿನ ಮೇಲಿಟ್ಟಳು.

"ಅವಳು ತಪ್ಪದೆ ನುಂಗಿದ್ದಾಳೆ. ಔಷಧಿಯನ್ನು ಹೀರಿದ್ದು ಇದು. ಮಜ್ಜಿಗೆಯಲ್ಲಿ ಕಲಸಿ ಕೊಟ್ಟದ್ದು ನಾನು."

ಡಾಕ್ಟರು ಪ್ಯಾಕೆಟ್ ಓದಿದರು. ಇದು ವಿಷ ಕುಡಿದವರಿಗೆ ಆಸ್ಪತ್ರೆಯಲ್ಲಿ ನಾವು ಕೊಡುವುದು, ಹೊಟ್ಟೆಯಲ್ಲಿ ವಿಷವನ್ನು ಹಿಡಿದ ಹಾಗೆಯೇ ಔಷಧಿಯನ್ನೂ ಹಿಡಿಯುತ್ತದೆ ಎಂದರು. ಗದರಲಿಲ್ಲ. ಡೋಸು ಹೆಚ್ಚಿಸುವುದು ಬೇಡ, ಇದನ್ನು ನಿಲ್ಲಿಸಿ, ರಕ್ತ ಪರೀಕ್ಷೆ ಮಾಡೋಣ ಎಂದು ಪೆನ್ನು ಮುಚ್ಚಿದರು.

ತಾಯಿ ಇನ್ನೂ ನಿಂತೇ ಇರುವುದನ್ನು ಕಂಡು ಪ್ರೇಮನಾಥ ತನ್ನ ಕುರ್ಚಿಯನ್ನು ಅವಳ ಕಡೆಗೆ ಸರಿಸಿದ. ಆಮೇಲೆ ಮಂಚದ ಅಂಚಿಗೆ ಕೂತು ಮಗಳ ಹಣೆಯ ಕೂದಲು ಹಿಂದಕ್ಕೆ ತಳ್ಳಿದ.

"ಡಾಕ್ಟ್ರು ಹೂಂ ಅಂದ ಮೇಲೆ ಕಾಲೇಜಿಗೆ ಹೋಗು. ಸ್ವಲ್ಪ ದಿವಸ ಸೀವುಡ್ಸಿನವರೆಗೆ ನಾನೂ ಬರ್ತೇನೆ."

ಅನುಷ್ಕಾ ಕಣ್ಣು ಮುಚ್ಚಿಕೊಂಡೇ ಅಂದಳು, "ಲೇಡೀಸ್ ಡಬ್ಬೇ ಮೇ ನಹೀ ಆ ಸಕ್ತೇ, ನೀವು ಬರೋ ಹಾಗಿಲ್ಲ, ಪಪ್ಪಾ."