ಹರಕೆಯ ಸಿನಿಮಾ

"ದನಿಯಿಲ್ಲದ ಸಿನಿಮಾನ ದೇವರಿಗೆ ತೋರಿಸೋಕಾಗಲ್ಲ ಮೇಷ್ಟ್ರೇ," ಎಂದ ಚೂಪ್.

"ದನಿ ನಾನು ಕೊಡ್ತೀನಿ."

"ಎಲ್ಲಾ ಪಾತ್ರಕ್ಕೂ?"

"ಎಲ್ಲಾ ಪಾತ್ರಕ್ಕೂ."

"ಹೆಂಗಸರಿಗೂ?"

"ಮುಖ್ಯವಾಗಿ ಹೆಂಗಸರಿಗೇ," ಎಂದ ಅನುಸೋನ್. ಚೂಪ್ ನಕ್ಕ. ಅದರಲ್ಲಿ ನಗುವಂಥದ್ದೇನಿದೆ ಎಂದು ಅನುಸೋನ್‌ಗೆ ತಿಳಿಯಲಿಲ್ಲ.

ಚೂಪ್ ತನ್ನ ಪಿಕಪ್ ಗಾಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತು, ಅಂಟನ್ನವನ್ನು ಬೆರಳಲ್ಲಿ ಉಂಡೆ ಮಾಡಿ ಸುಟ್ಟ ಹಂದಿಮಾಂಸದ ಜೊತೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ನಖೋನ್ ಸವನ್ನಿನಲ್ಲಿ ಯಾರ ಹರಕೆ ತೀರಬೇಕಾದರೂ ಅವನ ಪರದೆ ಏಳಬೇಕು. ಲಾಟರಿ ಹೊಡೆದವರು, ಕಡ್ಡಾಯ ಸೈನ್ಯಸೇವೆಗೆ ಚೀಟಿ ಎತ್ತುವಾಗ ಮಗ ಪಾರಾದವರು, ಕೋರ್ಟು ಗೆದ್ದವರು, ಎಲ್ಲರೂ ಮೊದಲು ನದಿದಂಡೆಯ ಚಾವ್ ಪೋ ದೇವರ ಮುಂದೆ, ಕೇಳಿದ್ದು ಕೊಟ್ಟರೆ ಸಿನಿಮಾ ತೋರಿಸುತ್ತೇನೆ ಎಂದು ಹೇಳಿಕೊಂಡವರು. ಕೊಟ್ಟ ಮೇಲೆ ಮಾತು ತಪ್ಪುವ ಧೈರ್ಯ ಯಾರಿಗಿದೆ? ಗುಡಿಯ ಅಂಗಳದಲ್ಲಿ ಕೆಂಪು ಕುರ್ಚಿಗಳ ಸಾಲು ಹಾಕಿಸುತ್ತಾರೆ. ಅದರಲ್ಲಿ ಮನುಷ್ಯರು ಕೂರುವ ಹಾಗಿಲ್ಲ. ದೇವರೂ ಅವನ ಪರಿವಾರವೂ ಕೂತು ನೋಡುತ್ತಾರೆ.

"ದೇವರಿಗೆ ಹೊಡೆದಾಟ ಇಷ್ಟ," ಎಂದ ಚೂಪ್. "ಕೊನೇಲಿ ಒಂದು ಹೆಲಿಕಾಪ್ಟರ್ ಸುಟ್ಟುಹೋಗ್ಬೇಕು. ಇರ್ಲಿ. ಯಾತಕ್ಕೆ ಹರಕೆ?"

"ನನ್ನದಲ್ಲ. ಮನೆಯವಳದು."

"ಅದೇ, ಯಾತಕ್ಕೆ?"

"ಕೇಳಿಲ್ಲ. ಅದೆಲ್ಲ ಅವಳ ನಂಬಿಕೆ."

ಚೂಪ್ ಬೆರಳು ನೆಕ್ಕಿಕೊಂಡು ಅವನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದ. "ನಿಮ್ಮ ಪುಣ್ಯ. ನಮ್ಮನೇಲಿ ನಾನು ಕೇಳದಿದ್ರೂ ಹೇಳ್ತಾಳೆ."

ಕೇಳಬೇಕಾದ್ದೇನಿರಲಿಲ್ಲ. ಅನುಸೋನ್‌ಗೆ ಉತ್ತರ ಗೊತ್ತಿತ್ತು. ಹಳೆಯ ಸಿನಿಮಾಗಳ ಬಗ್ಗೆ ಅವನು ಬರೆದ ಪುಸ್ತಕವನ್ನು ಹೋದ ತಿಂಗಳು ಬ್ಯಾಂಕಾಕಿನ ಪ್ರಕಾಶಕನೊಬ್ಬ ಒಪ್ಪಿಕೊಂಡಿದ್ದ. ಅದಾದ ವಾರಕ್ಕೇ ಹೆಂಡತಿ ಲಮೈ, "ಚಾವ್ ಪೋಗೆ ಒಂದು ಸಿನಿಮಾ ತೋರಿಸಬೇಕು. ನಾನು ಕೇಳಿದ್ದು ಆಯ್ತು," ಎಂದಿದ್ದಳು. ಎರಡನ್ನೂ ಕೂಡಿಸಲು ತನ್ನ ಹಾಗೆ ಅರ್ಥಶಾಸ್ತ್ರದ ಅಧ್ಯಾಪಕನೇ ಆಗಬೇಕಿರಲಿಲ್ಲ. ಗಂಡನ ಪುಸ್ತಕಕ್ಕಾಗಿ ಗುಟ್ಟಾಗಿ ದೇವರ ಮೊರೆ ಹೋದ ಹೆಂಡತಿ. ಅವನಿಗೆ ಕಣ್ಣು ತುಂಬಿ ಬಂದಿತ್ತು. ಅವಳು, "ಯಾವುದಾದರೂ ಆಗತ್ತೆ, ಚೂಪ್ ಹತ್ರ ಇರೋದೇ ಸಾಕು," ಎನ್ನುತ್ತಿದ್ದಂತೆ ಸಿನಿಮಾದ ಆಯ್ಕೆಯನ್ನು ಅವನು ತನ್ನ ಕೈಗೆ ತೆಗೆದುಕೊಂಡಿದ್ದ.

ಆಯ್ಕೆ ಒಂದೇ ಇತ್ತು: 'ಕಾಲುವೆಯಾಚೆ'. ಅವನು ಹುಡುಗನಾಗಿದ್ದಾಗ ಟೆಂಟಿನಲ್ಲಿ ನೋಡಿದ್ದು. ಆಗಿನ ಚಿತ್ರಗಳನ್ನು ದನಿಯಿಲ್ಲದೆ ತೆಗೆಯುತ್ತಿದ್ದರು. ಪರದೆಯ ಪಕ್ಕ ಒಬ್ಬ ಮೈಕ್ ಹಿಡಿದು ಕೂತು ನಾಯಕನಿಗೂ ನಾಯಕಿಗೂ ಅತ್ತೆಗೂ ನಾಯಿಗೂ ದನಿ ಕೊಡುತ್ತಿದ್ದ. ಆ ದನಿಗಾರ ಸತ್ತ, ಟೆಂಟು ಹರಿಯಿತು, ರೀಲು ಹೇಗೋ ಅನುಸೋನ್‌ಗೆ ಸಿಕ್ಕಿತು. ದನಿಯನ್ನೂ ಅವನೇ ವಹಿಸಿಕೊಂಡ.

ಮಧ್ಯಾಹ್ನ ಮನೆಗೆ ಬಂದಾಗ ಎಂದಿನ ವಾಸನೆ ಬಾಗಿಲಲ್ಲೇ ಎದುರಾಯಿತು. ಹಳೆಯ ರೀಲುಗಳು ಹಾಳಾಗುವಾಗ ವಿನೆಗರ್ ವಾಸನೆ ಬರುತ್ತದೆ. ಮನೆಯಲ್ಲಿದ್ದ ಒಂದೇ ಎಸಿಯನ್ನು ರೀಲುಗಳ ಕೋಣೆಗೆ ಹಾಕಿಸಿದ್ದ. ಗಂಡಹೆಂಡತಿ ಹೊರಗೆ ಫ್ಯಾನಿನ ಕೆಳಗೆ ಮಲಗುತ್ತಿದ್ದರು. ಮಕ್ಕಳಿರಲಿಲ್ಲ. ಆ ಮಾತು ಬಂದಾಗ ಅವನು ರೀಲುಗಳ ಡಬ್ಬಿಗಳನ್ನು ತೋರಿಸಿ ನಗುತ್ತಿದ್ದ, ಲಮೈ ನಗುತ್ತಿರಲಿಲ್ಲ.

ಅವಳು ನೆಲದ ಮೇಲೆ ಕೂತು, ಪಾಠ ಹೇಳಲು ಶಾಲೆಗೆ ಹೋಗುವಾಗ ಉಡುವ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬುತ್ತಿದ್ದಳು. ಕಿಟಕಿಯ ಬೆಳಕು ಅವಳ ಒಂದು ಕೆನ್ನೆಯ ಮೇಲೆ ಮಾತ್ರ ಬಿದ್ದಿತ್ತು. ಅಂಥ ಬೆಳಕನ್ನು ಈಗಿನ ಛಾಯಾಗ್ರಾಹಕರು ಕನಸಿನಲ್ಲೂ ತರಲಾರರು ಎಂದುಕೊಂಡ. ಚೀಲ ಯಾಕೆ ಎಂದು ಕೇಳುವುದು ಅದರ ನಂತರ ಹೊಳೆಯಿತು.

"ಎಂಟಕ್ಕೆ ಬಸ್ಸು," ಎಂದಳು ಅವಳು.

"ಫಿಟ್ಸನುಲೋಕ್‌ಗೆ? ಅಕ್ಕನ ಮನೆಗಾ?"

"ಅದೇ ದಾರಿ."

"ಎಂಟಕ್ಕೆ ಅಂದ್ರೆ ಕೊನೇ ದೃಶ್ಯ ತಪ್ಪಿಹೋಗತ್ತೆ. ನಾಳೆ ಹೋಗು."

"ಟಿಕೆಟ್ ಆಗಿದೆ. ನೋಡಿ, ನಿಮ್ಮ ಹತ್ರ ಒಂದು ಮಾತು..."

"ಸಿನಿಮಾ ಆದ್ಮೇಲೆ ಹೇಳು. ಈಗ ನನ್ನ ತಲೆ ತುಂಬ ಸಂಭಾಷಣೆ ಇದೆ," ಎಂದ ಅನುಸೋನ್.

ಲಮೈ ಚೀಲದ ಜಿಪ್ ಎಳೆದಳು. "ಸರಿ," ಎಂದಳು.

ಊಟಕ್ಕೆ ಕೂತಾಗ ಅವನು ಕೊನೆಯ ದೃಶ್ಯದ ತಾಲೀಮು ಮಾಡಿದ. ಅಕ್ಕಿ ಗಿರಣಿಯ ಗುಮಾಸ್ತನ ಹೆಂಡತಿ ದೋಣಿ ಹತ್ತಿ ಹೋಗುತ್ತಾಳೆ. ಗಂಡ ದಡದಲ್ಲಿ ನಿಂತಿದ್ದಾನೆ. ದೋಣಿ ಅಲುಗುತ್ತದೆ, ಅವಳು ತಿರುಗಿ ನೋಡುತ್ತಾಳೆ, ಬಾಯಿ ತೆರೆಯುತ್ತಾಳೆ. ಅನುಸೋನ್ ತೆಳ್ಳನೆಯ ಹೆಣ್ಣುದನಿಯಲ್ಲಿ, "ನನ್ನನ್ನು ಕ್ಷಮಿಸಿಬಿಡಿ," ಎಂದ. ಪ್ರತಿ ಸಲವೂ ಈ ಮಾತಿಗೆ ಅವನೇ ಕಣ್ಣೊರೆಸಿಕೊಳ್ಳುತ್ತಿದ್ದ.

"ಅಷ್ಟೇನಾ ಅವಳು ಹೇಳೋದು?" ಎಂದು ಲಮೈ ಹಿಂದೊಮ್ಮೆ ಕೇಳಿದ್ದಳು. "ನಿಮ್ಮ ಮಾತು ಮುಗಿದ ಮೇಲೂ ಅವಳ ಬಾಯಿ ಬಹಳ ಹೊತ್ತು ಆಡ್ತಾ ಇರತ್ತಲ್ಲ?"

ಆಗಿನ ನಟಿಯರಿಗೆ ಸಂಭಾಷಣೆಯೇ ಇರುತ್ತಿರಲಿಲ್ಲ, ಒಂದು ಎರಡು ಮೂರು ಎಂದು ಎಣಿಸುತ್ತಾ ಬಾಯಿ ಆಡಿಸುತ್ತಿದ್ದರು ಎಂದು ಅವನು ವಿವರಿಸಿದ್ದ. ಆ ವಿವರಣೆ ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲೂ ಇತ್ತು.

ಹೊರಡುವ ಮೊದಲು ಹಳೆಯ ಸಿನಿಮಾಗಳ ಸಂಘದ ಗೆಳೆಯ, ಹಲ್ಲಿನ ಡಾಕ್ಟರ್ ಪೈಬೂನ್‌ಗೆ ಫೋನ್ ಮಾಡಿದ. ಶನಿವಾರದ ಸಂಘದಲ್ಲಿ ಮೂವರೇ ಇದ್ದರು. ಅವರು ನೋಡುವುದಕ್ಕಿಂತ ಮಾತಾಡುವುದೇ ಹೆಚ್ಚು. ನಾಯಕಿಯ ಸೆರಗು ಬಣ್ಣ ಮಾಸುವ ಮುಂಚೆ ಹಸಿರಿತ್ತೋ ನೀಲಿಯಿತ್ತೋ ಎಂಬುದರ ಮೇಲೆ ಒಂದು ಮಳೆಗಾಲವನ್ನೇ ಕಳೆದಿದ್ದರು.

"ನನ್ನ ಪುಸ್ತಕಕ್ಕೇಂತ ಹರಕೆ ಹೊತ್ತಿದ್ದಾಳಂತೆ ಮಾರಾಯ. ಬಂದುಬಿಡು."

"ಹಾಗಂತ ಹೇಳಿದ್ಲಾ?"

"ಅಂಥದನ್ನೆಲ್ಲ ಹೇಳ್ತಾರಾ?"

"ಟಿವಿಯಲ್ಲಿ ಬಾಕ್ಸಿಂಗ್ ಇದೆ," ಎಂದ ಪೈಬೂನ್. "ಅಲ್ಲದೆ ದೇವರಿಗೆ ಹಾಕಿದ ಸಿನಿಮಾಕ್ಕೆ ನಾವು ಹೋಗಿ ಬಾಯಿ ಹಾಕೋದು ಸರಿಯಲ್ಲ."

ಹೊತ್ತು ಮುಳುಗುವಾಗ ಗುಡಿಯ ಅಂಗಳದಲ್ಲಿ ಪರದೆ ಎದ್ದಿತ್ತು. ನದಿಯ ಗಾಳಿಗೆ ಬಟ್ಟೆ ಉಬ್ಬಿ ಇಳಿಯುತ್ತಿತ್ತು. ಕುರ್ಚಿಗಳ ಮುಂದೆ ಬಾಳೆಎಲೆಯ ಮೇಲೆ ಬೇಯಿಸಿದ ಹಂದಿಯ ತಲೆ, ಮೊಟ್ಟೆ, ಕೆಂಪು ಶರಬತ್ತಿನ ಬಾಟಲಿಗಳು. ಒಂದು ನಾಯಿ ದೂರದಲ್ಲಿ ಕೂತು ಮೊಟ್ಟೆಗಳನ್ನೇ ನೋಡುತ್ತಿತ್ತು.

"ಇವರಷ್ಟು ಒಳ್ಳೇ ಜನ ಯಾವ ಟಾಕೀಸಲ್ಲೂ ಸಿಗಲ್ಲ," ಎಂದು ಚೂಪ್ ಕುರ್ಚಿಗಳ ಕಡೆ ಗಲ್ಲ ಎತ್ತಿದ. "ಸೀಟಿ ಹೊಡೆಯಲ್ಲ. ಬೇಜಾರಾದ್ರೂ ಎದ್ದು ಹೋಗಲ್ಲ."

ಅನುಸೋನ್ ತನ್ನ ಪ್ರೊಜೆಕ್ಟರಿಗೆ ರೀಲು ಪೋಣಿಸುತ್ತಿದ್ದ. ಪುಸ್ತಕದ ಬಗ್ಗೆ ಎರಡು ಮಾತಾಡಲು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಲಮೈ ಚೀಲವನ್ನು ಮರದ ಬುಡದಲ್ಲಿಟ್ಟು ಅಗರಬತ್ತಿ ಹಚ್ಚಿದಳು. ಚೂಪ್ ಅವಳ ಕೈಗೆ ಮೈಕ್ ಕೊಟ್ಟ.

"ಹೆಸರು, ಊರು, ಏನು ಕೇಳಿದ್ರಿ, ಏನು ಸಿಕ್ತು, ಬಿಡಿಸಿ ಹೇಳಮ್ಮ. ದೇವರಿಗೂ ಗಲಾಟೆಯಲ್ಲಿ ಕೇಳ್ಸಲ್ಲ."

ಪರದೆಯ ಹಿಂದಿನ ಸ್ಪೀಕರಿನಿಂದ ಅವಳ ದನಿ ಬಂತು. ಅಷ್ಟು ದೊಡ್ಡದಾಗಿ ಅವಳ ದನಿಯನ್ನು ಅನುಸೋನ್ ಎಂದೂ ಕೇಳಿರಲಿಲ್ಲ. ಸ್ಪೀಕರ್ ಇಟ್ಟ ಜಾಗ ಸರಿಯಾಗಿದೆ, ಮಾತು ಬಟ್ಟೆಯಿಂದಲೇ ಹೊರಟಂತಿದೆ ಎಂದು ಮೊದಲು ಅನಿಸಿತು.

"ಚಾವ್ ಪೋ, ನಾನು ಲಮೈ. ಶಾಲೆ ಟೀಚರ್. ದೂರದ ಲೋಯಿಗೆ ವರ್ಗ ಮಾಡಿಸಿಕೊಡಿ ಅಂತ ಕೇಳಿದ್ದೆ. ಒಬ್ಬಳೇ ಹೋಗೋ ಧೈರ್ಯ ಕೊಡಿ ಅಂತಾನೂ ಕೇಳಿದ್ದೆ. ಎರಡೂ ಕೊಟ್ರಿ. ಇವತ್ತು ಹೊರಡ್ತಾ ಇದ್ದೀನಿ. ತಿರುಗಿ ಬರೋ ಮನಸ್ಸು ಮಾತ್ರ ಕೊಡಬೇಡಿ." ಕುರ್ಚಿಗಳ ಕಡೆ ತಲೆಬಾಗಿದಳು. "ಈ ಸಿನಿಮಾ ನಾನು ಆರಿಸಿದ್ದಲ್ಲ. ಹೊಟ್ಟೆಗೆ ಹಾಕ್ಕೊಳ್ಳಿ."

ಚೂಪ್ ಜನರೇಟರಿನ ಕಡೆ ತಿರುಗಿಕೊಂಡ. "ವರ್ಗದ ಹರಕೆ ಬೇಕಾದಷ್ಟು ಬರ್ತವೆ," ಎಂದು ಅದಕ್ಕೇ ಹೇಳುವವನಂತೆ ಗೊಣಗಿದ. "ಎಲ್ಲರೂ ಮನೆಗೆ ಹತ್ರ ಆಗ್ಲಿ ಅಂತಾರಪ್ಪ."

ಅನುಸೋನ್ ರೀಲನ್ನು ಹಿಡಿದೇ ಅವಳ ಹತ್ತಿರ ಬಂದ. ರೀಲು ಬಿಚ್ಚಿಕೊಂಡು ಹುಲ್ಲಿನ ಮೇಲೆ ಎಳೆಯುತ್ತಿತ್ತು.

"ನನಗೆ ಹೇಳಬಹುದಿತ್ತು."

"ಹೇಳಿದೆ. ಒಂದಲ್ಲ, ಮೂರು ಸಲ. ಒಂದ್ಸಲ ನೀವು, ಹ್ಞೂಂ, ಒಳ್ಳೇದಾಯ್ತು ಅಂತಾನೂ ಅಂದ್ರಿ."

"ಯಾವಾಗ?"

"ರೀಲು ಒರೆಸ್ತಾ ಇದ್ರಿ."

ಅವನಿಗೆ ನೆನಪಾಗಲಿಲ್ಲ. ಹೋಗಬೇಡ ಎನ್ನಬೇಕು. ಅದೊಂದೇ ಮಾತು, ಬೇರೆ ಏನೂ ಬೇಕಿಲ್ಲ. ಅವನಿಗೆ ಅದು ಸ್ಪಷ್ಟವಾಗಿ ಗೊತ್ತಿತ್ತು. ಆದರೆ ಆ ಮಾತಿಗೆ ಯಾವ ದನಿ ಹಾಕಬೇಕೆಂದು ತಿಳಿಯಲಿಲ್ಲ. ನಾಯಕನ ದನಿ ಅತಿಯಾಗುತ್ತಿತ್ತು. ಗುಮಾಸ್ತನ ದನಿ ಅಗ್ಗವಾಗುತ್ತಿತ್ತು. ತನ್ನದೇ ದನಿಗಾಗಿ ತಡಕಾಡಿದ.

"ಕೊನೇ ದೃಶ್ಯದ ತನಕ ಆದ್ರೂ ಇರು," ಎಂದ.

"ಅದು ನನಗೆ ಗೊತ್ತು," ಎಂದಳು ಲಮೈ. ಮೈಕನ್ನು ಅವನ ಕೈಗಿಟ್ಟಳು. "ರಾತ್ರಿ ಎಸಿ ಆರಿಸಬೇಡಿ. ರೀಲು ಹಾಳಾಗತ್ತೆ."

ಅವಳು ಚೀಲ ಎತ್ತಿಕೊಂಡು ಬೀದಿಗೆ ನಡೆದಳು. ಮೋಟಾರ್ ಸೈಕಲ್ ಟ್ಯಾಕ್ಸಿಯವನ ಜೊತೆ ಬಾಡಿಗೆಗೆ ಚೌಕಾಸಿ ಮಾಡಿದಳು, ಹಿಂದೆ ಕೂತಳು, ಹೋದಳು. ತಿರುಗಿ ನೋಡಲಿಲ್ಲ. ತಿರುಗಿ ನೋಡುತ್ತಾಳೆ ಎಂದು ಅವನು ಕಾದಿದ್ದ.

"ಶುರು ಮಾಡೋಣ್ವಾ ಮೇಷ್ಟ್ರೇ?" ಎಂದ ಚೂಪ್. "ಅಗರಬತ್ತಿ ಆರೋದ್ರೊಳಗೆ ಶುರುವಾಗ್ಬೇಕು. ಇಲ್ಲಾಂದ್ರೆ ಹರಕೆ ಸಲ್ಲಲ್ಲ." ಮತ್ತೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಬಸ್ ಸ್ಟ್ಯಾಂಡು ಇಲ್ಲೇ ಸಂತೆಯ ಹಿಂದುಗಡೆ. ಬೇಕಾದ್ರೆ ನಾನು ಹೆಲಿಕಾಪ್ಟರ್ ಸಿನಿಮಾ ಹಾಕ್ಕೋತೀನಿ, ನೀವು ಹೋಗ್ಬನ್ನಿ," ಎಂದ.

ಹರಕೆ ಸಲ್ಲದಿದ್ದರೆ? ಒಂದು ಕ್ಷಣ ಅನುಸೋನ್ ಅಗರಬತ್ತಿಗಳನ್ನೇ ನೋಡುತ್ತಾ ನಿಂತ. ಅವು ಆರುವ ತನಕ ಸುಮ್ಮನಿದ್ದರೆ ದೇವರು ಕೊಟ್ಟದ್ದನ್ನು ಕಸಿದುಕೊಳ್ಳಬಹುದು, ಅವಳು ವಾಪಸ್ಸು ಬರಬಹುದು. ತಾನು ನಂಬದ ದೇವರ ಜೊತೆ ಅವನು ಮನಸ್ಸಿನಲ್ಲೇ ವ್ಯಾಪಾರಕ್ಕೆ ಕೂತಿದ್ದ. ಆಮೇಲೆ ಹೆಲಿಕಾಪ್ಟರಿನ ನೆನಪಾಯಿತು. ತನ್ನ ಸಿನಿಮಾದ ಬದಲು ಅದು ಆ ಪರದೆಯ ಮೇಲೆ ಉರಿಯುವುದನ್ನು ಅವನಿಂದ ಸಹಿಸಲಾಗಲಿಲ್ಲ.

"ನನ್ನದನ್ನೇ ಹಾಕು," ಎಂದ.

ಚೆನ್ನಾಗಿಯೇ ನಡೆಯಿತು. ಗುಮಾಸ್ತ ಕೆಮ್ಮಿದ, ಅತ್ತೆ ಶಪಿಸಿದಳು, ಗಿರಣಿಯ ಯಜಮಾನ ಮೂಗಿನಿಂದ ನಕ್ಕ, ಬಾತುಕೋಳಿ ಕೂಡ ತನ್ನ ಪಾಲಿನ ಮಾತಾಡಿತು. ಅನುಸೋನ್‌ನ ದನಿ ಇಷ್ಟು ಕಳೆಗಟ್ಟಿದ್ದು ಇದೇ ಮೊದಲು. ಕುರ್ಚಿಗಳು ಸದ್ದಿಲ್ಲದೆ ಕೇಳುತ್ತಿದ್ದವು. ಅವನು ಅವುಗಳತ್ತ ತಿರುಗಿ ಒಂದೆರಡು ಕಡೆ ದೃಶ್ಯದ ಮಹತ್ವವನ್ನೂ ವಿವರಿಸಿದ. ಚೂಪ್ ಗಾಡಿಯಲ್ಲಿ ಅಂಗಾತ ಮಲಗಿದ್ದ. ನಾಯಿ ಮೊಟ್ಟೆಯ ತನಕ ಬಂದಿತ್ತು.

ಕೊನೆಯ ರೀಲಿನಲ್ಲಿ ಹೆಂಡತಿ ದೋಣಿ ಹತ್ತಿದಳು. ದೋಣಿ ಅಲುಗಿತು. ಅವಳು ತಿರುಗಿ, ಬಾಯಿ ತೆರೆದಳು.

ಅನುಸೋನ್ ಮೈಕನ್ನು ತುಟಿಗೆ ತಂದ. ಹೆಣ್ಣುದನಿ ಗಂಟಲಲ್ಲಿ ಸಿದ್ಧವಾಗಿತ್ತು. ಕ್ಷಮಿಸಿಬಿಡಿ ಎನ್ನಬೇಕು. ಆದರೆ ಅವಳ ಮುಖದಲ್ಲಿ ಕ್ಷಮೆ ಕೇಳುವ ಲಕ್ಷಣವೇ ಇರಲಿಲ್ಲ. ಇಷ್ಟು ವರ್ಷ ನೋಡಿಯೂ ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅವಳು ಅಂಕಿ ಎಣಿಸುತ್ತಲೂ ಇರಲಿಲ್ಲ. ಏನೋ ಹೇಳುತ್ತಿದ್ದಳು, ನಿಧಾನವಾಗಿ, ಒಂದರ ಮೇಲೊಂದು ಮಾತು. ದಡದಲ್ಲಿದ್ದ ಗುಮಾಸ್ತ ತಲೆಯಾಡಿಸುತ್ತಿದ್ದ.

"ಮೈಕ್ ಹೋಯ್ತಾ ಮೇಷ್ಟ್ರೇ?" ಎಂದು ಚೂಪ್ ಗಾಡಿಯಿಂದ ಕೂಗಿದ.

ಅನುಸೋನ್ ಬೆರಳಿನಿಂದ ಮೈಕನ್ನು ತಟ್ಟಿ ನೋಡಿದ. ಟಕ್ ಟಕ್ ಎಂಬ ಸದ್ದು ಪರದೆಯ ಹಿಂದಿನಿಂದ ಹೊರಟು, ಖಾಲಿ ಕುರ್ಚಿಗಳನ್ನು ದಾಟಿ ನದಿಯ ಕಡೆ ಹೋಯಿತು. ಮೈಕ್ ಸರಿಯಾಗಿಯೇ ಇತ್ತು. ಗಾಳಿಗೆ ಬಟ್ಟೆ ಉಬ್ಬಿದಾಗ ಅವಳ ಮುಖ ಅಂಗಳದಗಲ ಆಯಿತು, ಇಳಿದಾಗ ಸಣ್ಣದಾಯಿತು. ಬಾಯಿ ಆಡುತ್ತಲೇ ಇತ್ತು. ಅವನು ಮೈಕನ್ನು ಅವಳ ಕಡೆಗೆ ಚಾಚಿ ಹಿಡಿದುಕೊಂಡು ನಿಂತ.