ಎರಡನೇ ಡಿಕ್ಕಿ

ಎಂಥ ಕೆಟ್ಟುಹೋದ ಯಂತ್ರವನ್ನಾದರೂ ರಿಪೇರಿ ಮಾಡಬಲ್ಲ ಎಂಜಿನಿಯರ್ ಗುರುಶಾಂತಪ್ಪನಿಗೆ, ಸಂಗೀತ ಶುರುವಾದರೆ ಸಾಕು, ತನ್ನ ಎಡಗಾಲು ಯಾವುದೆಂದೇ ಮರೆತುಹೋಗುತ್ತಿತ್ತು. ಆದರೂ ತೊಂಬತ್ತಾರರ ಆ ಚಳಿಗಾಲವಿಡೀ ಮಂಗಳವಾರ ತಪ್ಪದೆ ಡರ್ಹಮ್‌ನ ಚರ್ಚ್ ಹಾಲ್ ಒಂದಕ್ಕೆ ಹೋಗಿ ಮುನ್ನೂರು ವರ್ಷ ಹಳೆಯ ಇಂಗ್ಲಿಷ್ ಹಳ್ಳಿ ಕುಣಿತ ಕಲಿಯುತ್ತಿದ್ದ. ಎಲ್ಲ ಹೆಂಡತಿ ಸಿದ್ದೇಶ್ವರಿಗಾಗಿ. ಹಗಲೆಲ್ಲ ಆಸ್ಪತ್ರೆಯಲ್ಲಿ ರೋಗಿಗಳಿಗೆ ಅರಿವಳಿಕೆ ಕೊಡುವ ಆಕೆ ಇಲ್ಲಿ ಹೂವಿನಷ್ಟು ಹಗುರಾಗಿ ಕುಣಿಯುತ್ತಿದ್ದಳು. ಹನ್ನೆರಡು ವರ್ಷದ ಸಂಸಾರದಲ್ಲಿ ಇಬ್ಬರೂ ಕೂಡಿ ಮಾಡಿದ್ದೆಂದರೆ ಸೋಫಾ ಎತ್ತಿಟ್ಟಿದ್ದೊಂದೇ.

ವಸಂತದ ದೊಡ್ಡ ಕುಣಿತಕ್ಕೆ ಜೋಡಿಗಳನ್ನು ಆರಿಸುವ ದಿನ ಬಂತು. “ಇವತ್ತೂ ಮಂದಿ ಕಾಲು ತುಳದ್ರ ನಾ ವಾಲ್ಟರ್ ಜೋಡಿ ಕುಣೀತೀನಿ ನೋಡ್ರಿ,” ಎಂದು ಅವಳು ಕಾರಿನಲ್ಲೇ ಹೇಳಿಬಿಟ್ಟಳು. ವಾಲ್ಟರ್ ಎಪ್ಪತ್ತು ದಾಟಿದ ಹಲ್ಲಿನ ಡಾಕ್ಟರು. ಆದರೂ ಗುರುಶಾಂತಪ್ಪನಿಗೆ ಹೊಟ್ಟೆ ಉರಿಯಿತು.

ಪಿಟೀಲು, ಕೊಳಲು, ಪಿಯಾನೋ ಶುರುವಾದವು. ಗಂಡಸರದೊಂದು ಸಾಲು, ಎದುರಿಗೆ ಹೆಂಗಸರದೊಂದು. ಸುತ್ತು ಸುತ್ತಿಗೂ ಪಕ್ಕದ ಜೋಡಿ ಬದಲಾಗುತ್ತದೆ. ಮೊದಲ ಸುತ್ತಿನಲ್ಲೇ ಅವನು ಲೈಬ್ರರಿಯ ಹೆಂಗಸೊಬ್ಬಳ ಕಾಲು ತುಳಿದ. ಕಾಲು ತಗುಲಿದರೆ ನಮ್ಮವರು ಏನು ಮಾಡುತ್ತಾರೋ ಅದನ್ನೇ ಮಾಡಿದ. ಬಗ್ಗಿ, ಅವಳ ಶೂ ಮುಟ್ಟಿ, ಕಣ್ಣಿಗೊತ್ತಿಕೊಂಡ. ಎರಡನೇ ಸುತ್ತಿಗೆ ಇನ್ನೊಬ್ಬಳ ಕಾಲು, ಇನ್ನೊಂದು ನಮಸ್ಕಾರ. ಮೂರನೆಯದು ತಾಳಕ್ಕೆ ಸರಿಯಾಗಿ ಬಿತ್ತು. ಹೆಜ್ಜೆ ಮರೆತವನು ತಾನೇ ಇರಬೇಕೆಂದು ಹೆದರಿ ಹಿಂದಿದ್ದ ವಾಲ್ಟರ್ ಕೂಡ ಬಗ್ಗಿದ. ವಾಲ್ಟರ್ ಬಗ್ಗಿದ ಮೇಲೆ ಕೇಳಬೇಕೆ, ಇಡೀ ಸಾಲೇ ಬಗ್ಗಿತು.

ಕಲಿಸುವ ಡೊರಥಿ ತಡೆಯಲಿಲ್ಲ. ಕಾಲಗರ್ಭದಲ್ಲಿ ಕಳೆದುಹೋಗಿದ್ದ ಹಳೇ ಕುಣಿತದ ಮರ್ಯಾದೆಯೊಂದು ಸಿಕ್ಕಿಬಿಟ್ಟಿತೆಂದು ಅವಳ ಕಣ್ಣು ತುಂಬಿ ಬಂತು. ಬರೀ ಮುಟ್ಟಿದರೆ ಸಾಲದು, ಮೊದಲು ತುಳಿಯಬೇಕು ಎಂದು ತಿದ್ದಿದಳು ಕೂಡ. ಪಿಎಚ್‌ಡಿ ಮಾಡಿದ ಜನ ಬಲು ಶ್ರದ್ಧೆಯಿಂದ ಒಬ್ಬರ ಕಾಲನ್ನೊಬ್ಬರು ತುಳಿದು ಕಣ್ಣಿಗೊತ್ತಿಕೊಳ್ಳತೊಡಗಿದರು.

ಕೊನೆಯ ಸುತ್ತು. ಹೆಂಡತಿಯ ಎರಡೂ ಕೈ ಹಿಡಿದು ತಿರುಗುವಾಗ ಗುರುಶಾಂತಪ್ಪ ಅವಳ ಕಾಲನ್ನೇ ತುಳಿದ. ಗಂಡನಾದವನು ಹೆಂಡತಿಯ ಕಾಲು ಮುಟ್ಟುವುದುಂಟೆ? ಅವ್ವ ಕಂಡಿದ್ದರೆ ಎದೆ ಎದೆ ಬಡಿದುಕೊಳ್ಳುತ್ತಿದ್ದಳು. ಪಿಟೀಲಿನವನು ಸ್ವರ ಎಳೆದು ಹಿಡಿದು ಕಾಯುತ್ತಿದ್ದ. ಇಷ್ಟು ಜನರ ಕಾಲು ಮುಟ್ಟಿದೆ, ಇವಳದೊಂದು ಯಾಕೆ ಬಿಡಲಿ ಎನ್ನಿಸಿ ಬಗ್ಗಿದ. “ಬ್ಯಾಡ್ರಿ, ನನಗ ಪಾಪ ಹತ್ತತೈತಿ,” ಎಂದು ತಡೆಯಲು ಅವಳೂ ಬಗ್ಗಿದಳು. ತಲೆಗೆ ತಲೆ ಬಡಿಯಿತು.

ತಲೆ ಒಂದೇ ಸಲ ಡಿಕ್ಕಿಯಾದರೆ ಕೊಂಬು ಮೂಡುತ್ತವೆಂದು ಇಬ್ಬರೂ ಚಿಕ್ಕಂದಿನಿಂದ ಕೇಳಿದವರು. ಮಾತೇ ಆಡದೆ, ಒಂದೇ ಗಳಿಗೆಗೆ ತಲೆ ಬಾಗಿಸಿ, ಮೆತ್ತಗೆ ಇನ್ನೊಮ್ಮೆ ಡಿಕ್ಕಿ ಹೊಡೆದರು. ಹಾಡು ಸರಿಯಾಗಿ ಅಲ್ಲಿಗೇ ಮುಗಿಯಿತು.

ಉಳಿದವರೂ ಪ್ರಯತ್ನಿಸಿದರು. ವಾಲ್ಟರ್ ತನ್ನ ಜೋಡಿಯ ಕನ್ನಡಕ ಮುರಿದ. ಇದು ಬೇರೆ ಯಾರ ಕೈಲೂ ಆಗದು, ವಸಂತದ ಕುಣಿತದಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವ ಜೋಡಿ ಇವರೇ ಎಂದು ಡೊರಥಿ ಬರೆದುಕೊಂಡಳು. ಎಷ್ಟು ದಿನ ಪ್ರಾಕ್ಟೀಸ್ ಮಾಡಿದಿರಿ ಎಂದು ಕೇಳಿದಳು.

ಸಿದ್ದೇಶ್ವರಿ ಗಂಡನ ಕೈ ಬಿಡದೆ, ಹನ್ನೆರಡು ವರ್ಷ ಎಂದಳು.

ಗುರುಶಾಂತಪ್ಪನಿಗೆ ಜೀವ ತಣ್ಣಗಾಯಿತು. ಬಲಗಾಲು ಮಾತ್ರ ವಿಪರೀತ ನೋಯುತ್ತಿತ್ತು. ಬಗ್ಗಿ ನೋಡಿದರೆ ಅವಳು ಅದರ ಮೇಲೇ ನಿಂತಿದ್ದಳು. ಅವನು ಕಾಲು ಕದಲಿಸಲಿಲ್ಲ.